ವಾಲ್ವ್ ಬದಲಾದ ಮೇಲೂ ಎದೆ ಡವಗುಟ್ಟುವುದೇಕೆ?

ಪ್ರಶ್ನೆ: ನಮ್ಮ ಯಜಮಾನರಿಗೆ 58 ವರ್ಷ, ತೆಂಗಿನ ತೋಟ ನೋಡಿಕೊಳ್ಳುತ್ತಾರೆ. ಐದು ವಾರದ ಹಿಂದೆ ಎದೆ ತೆರೆದು ಮಹಾಪಧಮನಿಯ ವಾಲ್ವ್ ತೆಗೆದು ಮೆಟಲ್ ವಾಲ್ವ್ ಹಾಕಿದರು. ಮೂರನೇ ದಿನ ರಾತ್ರಿ ನಾಡಿ 140ಕ್ಕೆ ಏರಿ ತಾಳ ತಪ್ಪಿತು, ಉಸಿರು ಕಟ್ಟಿತು. ಇಂಜೆಕ್ಷನ್ ಕೊಟ್ಟು ಹತೋಟಿಗೆ ತಂದರು. ತಾಳ ಸರಿಪಡಿಸಲು ಅಮಿಯೋಡರೋನ್, ರಕ್ತ ಹೆಪ್ಪುಗಟ್ಟದಿರಲು ಅಸಿಟ್ರೋಮ್ ಮಾತ್ರೆ ಬರೆದು ಮನೆಗೆ ಕಳಿಸಿದರು. ಈಗಲೂ ಒಮ್ಮೊಮ್ಮೆ ಎದೆ ಡವಗುಟ್ಟುತ್ತದಂತೆ. ಪಕ್ಕದ ಬೆಡ್‌ನವರಿಗೆ ಪೇಸ್‌ಮೇಕರ್ ಹಾಕಿದ್ದರು, ಇವರಿಗೂ ಬೇಕಾಗುತ್ತದೆಯೇ? ಮೊನ್ನೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂಬ ಅಳತೆ) 4.6 ಬಂತು, ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ. ಸೊಪ್ಪು ಆಗುವುದಿಲ್ಲವೆಂದು ಯಾರೋ ಹೇಳಿದ್ದರಿಂದ ಪೂರ್ತಿ ಬಿಡಿಸಿದ್ದೇನೆ. ಆಪರೇಷನ್ ಕೈಕೊಟ್ಟಿತೇ ಡಾಕ್ಟ್ರೇ?
– ಹೆಸರು ಬೇಡ, ತಿಪಟೂರು

ಉತ್ತರ: ನಿಮ್ಮ ಪತ್ರ ಓದಿದ ಸಂಜೆಯೇ ಫೋನ್ ಮಾಡಿದ್ದೆ. 4.6 ಅಂದರೆ ರಕ್ತ ಬೇಕಾದ್ದಕ್ಕಿಂತ ತೆಳುವಾಗಿದೆ ಅಂದಮೇಲೆ, ಅದರಲ್ಲೂ ವಸಡಿನಲ್ಲಿ ರಕ್ತ ಕಂಡಮೇಲೆ, ಪತ್ರಿಕೆ ಅಚ್ಚಾಗುವವರೆಗೆ ಕಾಯುವಂತಿರಲಿಲ್ಲ. ಅಂದೇ ತೋರಿಸಿ ಡೋಸ್ ಇಳಿಸಿಕೊಂಡಿರಿ, ಸಮಾಧಾನವಾಯಿತು. ಇದೇ ಸ್ಥಿತಿಯಲ್ಲಿ ಇರುವ ಬೇರೆ ಮನೆಯವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆಪರೇಷನ್ ಕೈಕೊಟ್ಟಿಲ್ಲಮ್ಮ. ವಾಲ್ವ್ ಆಪರೇಷನ್ ಆದ ಮೂವರಲ್ಲಿ ಒಬ್ಬರಿಗಾದರೂ ಹೀಗಾಗುತ್ತದೆ, ಅದೂ ಹೆಚ್ಚಾಗಿ ಎರಡರಿಂದ ನಾಲ್ಕನೇ ದಿನದೊಳಗೆ. ಗಾಯ ಮಾಯುವ ಹೊತ್ತಿನ ಊತದಿಂದ ಹೃದಯದ ಮೇಲಿನ ಕೋಣೆಗಳು ರೇಗಿ, ಒಟ್ಟಾಗಿ ಹಿಂಡುವ ಬದಲು ಸುಮ್ಮನೆ ನಡುಗುತ್ತವೆ. ಇದಕ್ಕೆ ಏಟ್ರಿಯಲ್ ಫಿಬ್ರಿಲೇಷನ್ ಅನ್ನುತ್ತೇವೆ. ನಿಮ್ಮವರ ಹಳೆಯ ವಾಲ್ವ್ ಕಿರಿದಾಗಿತ್ತು. ಅದರ ಸಂದಿಯಿಂದ ವರ್ಷಗಟ್ಟಲೆ ರಕ್ತ ನೂಕಿ ನೂಕಿ ಕೆಳಗಿನ ಕೋಣೆಯ ಗೋಡೆ ದಪ್ಪಗಾಗಿದೆ. ಅಂಥ ಕೋಣೆ ತುಂಬಲು ಮೇಲಿನ ಕೋಣೆಯ ಒತ್ತು ಬೇಕೇ ಬೇಕು. ಅದು ತಪ್ಪಿದ್ದರಿಂದ ಆ ರಾತ್ರಿ ಉಸಿರು ಕಟ್ಟಿದ್ದು. ಬಹುಪಾಲು ಜನರಿಗೆ ಆರೆಂಟು ವಾರದಲ್ಲಿ ತಾಳ ಮರಳಿ ಕೂಡಿಕೊಳ್ಳುತ್ತದೆ.

ಪಕ್ಕದ ಬೆಡ್‌ನವರ ತೊಂದರೆಯೇ ಬೇರೆ. ಹೃದಯದ ಕರೆಂಟ್ ಹರಿಯುವ ಮುಖ್ಯ ಎಳೆ ಈ ವಾಲ್ವಿನ ಬುಡಕ್ಕೆ ತೀರಾ ಹತ್ತಿರ ಹಾದುಹೋಗುತ್ತದೆ. ಸುಣ್ಣಗಟ್ಟಿದ ವಾಲ್ವ್ ಕೆರೆದು ತೆಗೆದು ಹೊಲಿಗೆ ಹಾಕುವಾಗ ಅದಕ್ಕೆ ಪೆಟ್ಟಾದರೆ ಬಡಿತ ನಿಧಾನವಾಗುತ್ತದೆ. ಆ ಭಯಕ್ಕೇ ಎದೆಮೂಳೆಯ ಕೆಳಗಿನಿಂದ ಬೇಕಾದರೆ ಹೊರಗಿನಿಂದ ಬಡಿತ ಕೊಡಲೆಂದು ಸಣ್ಣ ತಂತಿಗಳನ್ನು ಹೊರಗೆ ಬಿಟ್ಟಿರುತ್ತಾರೆ. ಎದೆ ತೆರೆದು ಮಾಡುವ ಆಪರೇಷನ್ನಿನಲ್ಲಿ ಕಾಯಂ ಪೇಸ್‌ಮೇಕರ್ ಬೇಕಾಗುವುದು ನೂರಕ್ಕೆ ಕೆಲವರಿಗೆ ಮಾತ್ರ, ಅದೂ ಸಾಮಾನ್ಯವಾಗಿ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ನಿಮ್ಮವರ ತಂತಿ ತೆಗೆದೇ ಮನೆಗೆ ಕಳಿಸಿದ್ದಾರೆ. ಆದರೂ ಕಣ್ಣು ಕತ್ತಲಿಟ್ಟು ಬಿದ್ದರೆ ಅಥವಾ ನಾಡಿ 50ಕ್ಕಿಂತ ಕೆಳಗಿಳಿದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ನನ್ನನ್ನು ಕಾಡಿದ್ದು ಐಎನ್‌ಆರ್. ಅಮಿಯೋಡರೋನ್ ಇದ್ದಾಗ ಲಿವರ್ ಅಸಿಟ್ರೋಮನ್ನು ಬೇಗ ಕರಗಿಸುವುದಿಲ್ಲ, ಅಷ್ಟೇ ಮಾತ್ರೆ ನುಂಗಿದರೂ ರಕ್ತ ಹೆಚ್ಚು ತೆಳುವಾಗುತ್ತದೆ. ಅದರ ಮೇಲೆ ನೀವು ಸೊಪ್ಪು ನಿಲ್ಲಿಸಿದಿರಿ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಅಸಿಟ್ರೋಮಿಗೆ ಎದುರಾಳಿ. ಅದೂ ಇಲ್ಲವಾದಾಗ ಐಎನ್‌ಆರ್ ಇನ್ನೂ ಮೇಲೇರಿತು. ಒಳ್ಳೆಯದಕ್ಕೆಂದೇ ಮಾಡಿದಿರಿ, ನಿಮ್ಮದು ತಪ್ಪಲ್ಲ. ಆದರೆ ಮನೆಗೆ ಕಳಿಸುವಾಗ ಇದನ್ನು ಬಿಡಿಸಿ ಹೇಳಬೇಕಿತ್ತು. ಬಸ್ಸಾರು, ಮಸ್ಸೊಪ್ಪು ಮತ್ತೆ ಶುರುಮಾಡಿ. ವಾರಕ್ಕೆರಡು ದಿನವೆಂದರೆ ಪ್ರತಿ ವಾರವೂ ಎರಡೇ ದಿನ, ಹೆಚ್ಚುಕಡಿಮೆ ಅದೇ ಅಳತೆ. ಶುರುಮಾಡುವ ವಾರ ಐಎನ್‌ಆರ್ ನೋಡಿಸಿ. ಮುಂದೆ ಅಮಿಯೋಡರೋನ್ ನಿಲ್ಲಿಸಿದರೂ ಅದು ದೇಹದಿಂದ ಇಳಿಯಲು ವಾರಗಳು, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಆಗ ಅಸಿಟ್ರೋಮ್ ಮತ್ತೆ ಏರಿಸಬೇಕಾಗಬಹುದು, ಪರೀಕ್ಷೆ ತಪ್ಪಿಸಬೇಡಿ. ಮಂಡಿನೋವೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತರುವುದು ಬೇಡವೇ ಬೇಡ.

ನಾಡಿ ಸರಿಹೋಯಿತೆಂದು ಅಸಿಟ್ರೋಮ್ ಬಿಡುವಂತಿಲ್ಲ. ಅದು ಮೆಟಲ್ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟದಿರಲಿ ಎಂದು ಕೊಡುವ ಮಾತ್ರೆ, ಜೀವನಪೂರ್ತಿ ಬೇಕು.

ನನ್ನ ಹತ್ತಿರ ಬರುತ್ತಿದ್ದ ಒಬ್ಬ ನಿವೃತ್ತ ಮೇಷ್ಟ್ರ ಹೆಂಡತಿ ಗೋಡೆ ಕ್ಯಾಲೆಂಡರನ್ನೇ ಸುತ್ತಿ ಬಗಲಲ್ಲಿಟ್ಟುಕೊಂಡು ಬರುತ್ತಿದ್ದರು. ಏಕಾದಶಿ, ಹುಣ್ಣಿಮೆಯ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ನಾಡಿಯ ಲೆಕ್ಕ: ‘96, ತಪ್ಪು ತಪ್ಪು’, ‘90, ತಪ್ಪು’. ಒಂದು ಬುಧವಾರದಿಂದ ‘74, ಸಮ’. ತಾಳ ಯಾವ ವಾರ ಕೂಡಿತೆಂದು ಆ ಹಾಳೆಯಿಂದಲೇ ಅಂದಾಜಾಯಿತು, ಇಸಿಜಿಯೂ ಹೌದೆಂದಿತು. ನೀವೂ ಹಾಗೇ ಮಾಡಿ. ಬೆಳಿಗ್ಗೆ ಕಾಫಿಗೆ ಮುಂಚೆ ಅವರನ್ನು ಐದು ನಿಮಿಷ ಕೂರಿಸಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ತಾಳ ತಪ್ಪುವವರಲ್ಲಿ ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ಕೆಡುತ್ತದೆ. ಕೂತಲ್ಲೇ 120 ದಾಟಿ ಇಳಿಯದಿದ್ದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ ಬೆಳಗಾಗಲಿ ಎಂದು ಕಾಯಬೇಡಿ. ಇಲ್ಲದಿದ್ದರೆ ಮುಂದಿನ ತೋರಿಸುವ ದಿನ ಐಎನ್‌ಆರ್ ಚೀಟಿಯ ಜೊತೆ ಕ್ಯಾಲೆಂಡರೂ ಹೋಗಲಿ.