ಮಂಡ್ಯದಲ್ಲಿ ಮನೆಗೆ ಕಡಿಮೆ ಬಜೆಟ್‌ನ ಗೇಮಿಂಗ್ ಕಂಪ್ಯೂಟರ್ ಜೋಡಿಸುತ್ತಿದ್ದೇನೆ. ಗ್ರಾಫಿಕ್ಸ್ ಕಾರ್ಡ್ ಈಗಲೇ ಬೇಕಾ?

ಈಗಲೇ ಬೇಡ. ರೈಜೆನ್ 5 5600ಜಿ ಪ್ರೊಸೆಸರ್ ತಗೊಳ್ಳಿ, ಗ್ರಾಫಿಕ್ಸ್ ಅದರೊಳಗೇ ಇದೆ. ವ್ಯಾಲೊರಂಟ್‌ನಂಥ ಹಗುರ ಗೇಮ್‌ಗಳು ಆರಾಮಾಗಿ ಓಡುತ್ತವೆ.

ಆದರೆ ರ‍್ಯಾಮ್ ವಿಷಯದಲ್ಲಿ ಹುಷಾರು. 16 ಜಿಬಿಯ ಒಂದೇ ಸ್ಟಿಕ್ ಬೇಡ, 8 ಜಿಬಿಯ ಎರಡು ಹಾಕಿ. ಈ ಪ್ರೊಸೆಸರ್‌ಗೆ ಸ್ವಂತ ಗ್ರಾಫಿಕ್ಸ್ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಎರಡು ಸ್ಟಿಕ್ ಇದ್ದರೆ ಡೇಟಾಗೆ ಎರಡು ದಾರಿ. ನಾನು ಮೊದಲು ಒಂದೇ ಹಾಕಿದ್ದೆ, ಗೇಮ್ ತಡವರಿಸುತ್ತಿತ್ತು. ಇನ್ನೊಂದನ್ನು ಟಕ್ ಅಂತ ಕೂರುವವರೆಗೆ ಒತ್ತಿದೆ. ವ್ಯತ್ಯಾಸ ಕಣ್ಣಿಗೇ ಕಂಡಿತು.

ಪವರ್ ಸಪ್ಲೈನಲ್ಲಿ ಮಾತ್ರ ಜಿಪುಣತನ ಬೇಡ. ನಮ್ಮ ಕಡೆ ಕರೆಂಟ್ ಹೋಗಿ ಬರೋದು ಇದ್ದೇ ಇದೆ, ಅಲ್ವಾ? ಒಳ್ಳೆಯ ಕಂಪನಿಯ 550 ವ್ಯಾಟ್‌ನದು ತಗೊಂಡರೆ ಮುಂದೆ ಸಾಧಾರಣ ಕಾರ್ಡ್ ಹಾಕಿದಾಗಲೂ ಸಾಕಾಗುತ್ತದೆ. ಬಣ್ಣದ ಲೈಟಿನ ಕ್ಯಾಬಿನೆಟ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ.