ಪರಿಸರದ ಗದ್ದಲದ ನಡುವೆ ಜ್ಯಾಮಿತೀಯ ಫೇಸ್ ಎಷ್ಟರ ಮಟ್ಟಿಗೆ ಉಳಿಯುತ್ತದೆ?

ಕ್ವಾಂಟಮ್ ವ್ಯವಸ್ಥೆಯ ಸ್ಥಿತಿ ಒಂದು ಪಥದಲ್ಲಿ ಸುತ್ತಿ ಬಂದಾಗ ಅದರ ತರಂಗದಲ್ಲಿ ಉಂಟಾಗುವ ಸರಿತ, ಅಂದರೆ ಜ್ಯಾಮಿತೀಯ ಫೇಸ್, ಪಥದ ಆಕಾರವನ್ನಷ್ಟೇ ಅವಲಂಬಿಸುವುದಾದರೆ ಪರಿಸರದ ಗದ್ದಲ ಅದನ್ನು ಕೆಡಿಸಲಾರದಲ್ಲವೇ ಎಂದು ನೀವು ಕೇಳಿದ್ದೀರಿ. ಈ ಮಾತು ಒಂದು ಮಿತಿಯೊಳಗೆ ಮಾತ್ರ ನಿಜ ಎಂಬುದು ನನ್ನ ಅಭಿಪ್ರಾಯ.

ಪಂಚರತ್ನಂ 1956ರಲ್ಲಿ ಧ್ರುವೀಕೃತ ಬೆಳಕಿನಲ್ಲಿ ಕಂಡದ್ದನ್ನೂ ಬೆರಿ 1984ರಲ್ಲಿ ನಿಧಾನವಾಗಿ ಬದಲಾಗುವ ಕ್ವಾಂಟಮ್ ವ್ಯವಸ್ಥೆಗಳಿಗೆ ನಿರೂಪಿಸಿದ್ದನ್ನೂ ಶುದ್ಧ ಸ್ಥಿತಿಗಳಿಗೆ (ಒಂದೇ ತರಂಗಫಲನದಿಂದ ಪೂರ್ತಿ ವಿವರಿಸಬಹುದಾದ ಸ್ಥಿತಿಗಳಿಗೆ) ಸುಲಭವಾಗಿ ಹೇಳಬಹುದು: ಅರ್ಧ ಸ್ಪಿನ್ನಿನ ಕಣವೊಂದರ ಸ್ಥಿತಿ ಬ್ಲಾಖ್ ಗೋಳದ ಮೇಲೆ (ಪ್ರತಿ ಸ್ಥಿತಿಯನ್ನೂ ಒಂದು ಬಿಂದುವಾಗಿ ತೋರಿಸುವ ಗೋಳ) ಒಂದು ಸುತ್ತು ಬಂದರೆ, ಗೋಳದ ಕೇಂದ್ರದಿಂದ ನೋಡಿದಾಗ ಆ ಸುತ್ತು ಆವರಿಸುವ ಘನಕೋನದ ಅರ್ಧದಷ್ಟು ಫೇಸ್ ಅದಕ್ಕೆ ಸೇರುತ್ತದೆ. ಆದರೆ ವ್ಯವಸ್ಥೆ ಪರಿಸರದೊಂದಿಗೆ ಹೆಣೆದುಕೊಂಡ ಮೇಲೆ ಅದಕ್ಕೆ ತನ್ನದೇ ಆದ ತರಂಗಫಲನ ಇರುವುದಿಲ್ಲ, ಉಳಿಯುವುದು ಸ್ಥಿತಿಗಳ ಸಂಭಾವ್ಯತೆಗಳನ್ನು ಒಟ್ಟಾಗಿ ಹೇಳುವ ಸಾಂದ್ರತಾ ಮಾತೃಕೆ ಮಾತ್ರ; ಆಗ ಯಾವುದರ ಫೇಸ್ ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ. ಊಲ್‌ಮನ್ 1986ರಲ್ಲಿ ಕೊಟ್ಟ ಉತ್ತರವೂ ಶೋಕ್ವಿಸ್ಟ್ ಮತ್ತು ಸಂಗಡಿಗರು 2000ದಲ್ಲಿ ಕೊಟ್ಟ ಉತ್ತರವೂ ಸಾಮಾನ್ಯವಾಗಿ ಒಂದೇ ಬೆಲೆಯನ್ನು ಕೊಡುವುದಿಲ್ಲ. ಎರಡು ಅಲೆಗಳು ಸೇರಿ ಮೂಡಿಸುವ ವ್ಯತಿಕರಣದ ಪಟ್ಟೆಗಳು ಎಷ್ಟು ಸರಿದವು ಎಂಬುದನ್ನೇ ಆಧಾರವಾಗಿಟ್ಟುಕೊಳ್ಳುವ ಎರಡನೆಯದು, ಪ್ರಯೋಗದಲ್ಲಿ ಏನನ್ನು ಅಳೆಯಬೇಕೆಂದು ನೇರವಾಗಿ ಹೇಳುವುದರಿಂದ, ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಇನ್ನು ಗದ್ದಲದ ವಿಷಯ. ನಿಯಂತ್ರಿಸುವ ಕ್ಷೇತ್ರ ಸ್ವಲ್ಪ ನಡುಗಿದರೆ ಪಥದ ಅಂಚು ಒಳಗೂ ಹೊರಗೂ ಅಲುಗಾಡುತ್ತದೆ, ಆದರೆ ಸುತ್ತು ಸಾಕಷ್ಟು ದೀರ್ಘವಾಗಿದ್ದರೆ ಈ ಏರಿಳಿತಗಳು ಒಟ್ಟು ಘನಕೋನದಲ್ಲಿ ಬಹುಪಾಲು ಸರಿದೂಗುತ್ತವೆ. ಡಿ ಕಿಯಾರಾ ಮತ್ತು ಪಾಲ್ಮಾ 2003ರಲ್ಲಿ ತೋರಿಸಿದಂತೆ, ಕಾಲ ಹೆಚ್ಚಿದಷ್ಟೂ ಜ್ಯಾಮಿತೀಯ ಫೇಸಿನ ಚದುರುವಿಕೆ ಕುಗ್ಗುತ್ತದೆ. ಶಕ್ತಿಯನ್ನೂ ಕಾಲವನ್ನೂ ಅವಲಂಬಿಸುವ ಚಲನಾತ್ಮಕ ಫೇಸಿನದು ಬೆಳೆಯುತ್ತದೆ. 2009ರಲ್ಲಿ ಅತಿಶೀತಲ ನ್ಯೂಟ್ರಾನ್‌ಗಳ ಪ್ರಯೋಗ ಇದನ್ನು ಸಮರ್ಥಿಸಿತು. ನಿಮ್ಮ ನಂಬಿಕೆಗೆ ಬಲವಾದ ಆಧಾರ ಇದೇ.

ಪರಿಸರವನ್ನೇ ಕ್ವಾಂಟಮ್ ವ್ಯವಸ್ಥೆಯೆಂದು ಎಣಿಸಿದಾಗ ಚಿತ್ರ ಬದಲಾಗುತ್ತದೆ. ವಿಟ್ನಿ, ಗೆಫೆನ್ ಮತ್ತಿತರರ ಲೆಕ್ಕದ ಪ್ರಕಾರ ಪರಿಸರ ಬೆರಿ ಫೇಸಿಗೆ (ಬೆರಿ ನಿರೂಪಿಸಿದ ಜ್ಯಾಮಿತೀಯ ಫೇಸಿಗೆ) ಸೇರಿಸುವ ತಿದ್ದುಪಡಿಯೂ ಜ್ಯಾಮಿತೀಯವೇ, ಮತ್ತು ಅದು ಸಂಕೀರ್ಣ ಸಂಖ್ಯೆ. ಅದರ ಕಾಲ್ಪನಿಕ ಭಾಗ ಪಟ್ಟೆಗಳ ಸ್ಪಷ್ಟತೆಯನ್ನು ಬದಲಿಸುತ್ತದೆ. ಸುತ್ತಿನ ದಿಕ್ಕನ್ನು ತಿರುಗಿಸಿದರೆ ಆ ಭಾಗದ ಚಿಹ್ನೆಯೂ ತಿರುಗುವುದರಿಂದ, ಒಂದು ದಿಕ್ಕಿನಲ್ಲಿ ಸುಸಂಬದ್ಧತೆ (ಪಟ್ಟೆಗಳು ಮೂಡಲು ಬೇಕಾದ ಫೇಸ್ ಹೊಂದಾಣಿಕೆ) ಮತ್ತೊಂದಕ್ಕಿಂತ ಕಡಿಮೆ ನಷ್ಟವಾಗುತ್ತದೆ. ದಿಕ್ಕನ್ನು ಅವಲಂಬಿಸಿದ ಈ ಅಂತರವನ್ನು 2015ರಲ್ಲಿ ಅತಿವಾಹಕ ಕ್ಯೂಬಿಟ್ (ಕ್ವಾಂಟಮ್ ಗಣಕದ ಮೂಲ ಘಟಕ) ಒಂದರಲ್ಲಿ ಅಳೆಯಲಾಯಿತು. ಇಷ್ಟು ಸೂಕ್ಷ್ಮವಾದ ಪರಿಣಾಮ ಕೈಗೆ ಸಿಕ್ಕಿದ್ದು ನಿಜಕ್ಕೂ ಬೆರಗಿನ ಸಂಗತಿ.

ಹಾಗಾಗಿ ಈ ಫೇಸನ್ನು ಬಳಸಿ ಕ್ಯೂಬಿಟ್ ಮೇಲೆ ಕ್ರಿಯೆ ನಡೆಸುವ ಜ್ಯಾಮಿತೀಯ ಗೇಟ್ ಒಂದನ್ನು ತೂಗಿನೋಡುವಾಗ, ಕ್ಷೇತ್ರದ ನಡುಕ ಎಷ್ಟು ಸರಿದೂಗುತ್ತದೆ ಎಂಬುದರ ಜೊತೆಗೆ, ಪಥವನ್ನು ನಿಧಾನವಾಗಿ ಸುತ್ತಲು ಹಿಡಿಯುವ ಕಾಲದೊಳಗೆ ಪರಿಸರ ಎಷ್ಟು ಸುಸಂಬದ್ಧತೆಯನ್ನು ಅಳಿಸುತ್ತದೆ ಎಂಬುದನ್ನೂ ನೋಡಿ. ಬಹಳಷ್ಟು ಯೋಜನೆಗಳಲ್ಲಿ ಮಿತಿಯನ್ನು ನಿರ್ಧರಿಸುವುದು ಈ ಎರಡನೆಯದೇ.