ಲಿಸ್ಬನ್ ಗೆಲುವು ಬರೀ ಅದೃಷ್ಟವಾ?

1967ರಲ್ಲಿ ಲಿಸ್ಬನ್‌ನಲ್ಲಿ ನಡೆದ ಫೈನಲ್‌ನಲ್ಲಿ ಸ್ಕಾಟ್ಲೆಂಡ್‌ನ ಗ್ಲಾಸ್ಗೋದ ಫುಟ್‌ಬಾಲ್ ಕ್ಲಬ್ ಸೆಲ್ಟಿಕ್ ಯುರೋಪಿಯನ್ ಕಪ್ (ಯುರೋಪಿನ ಕ್ಲಬ್‌ಗಳ ಟೂರ್ನಿ) ಗೆದ್ದದ್ದು ಎದುರಾಳಿ, ಇಟಲಿಯ ಇಂಟರ್ ಮಿಲಾನ್‌ಗೆ ಸ್ಪೇನ್‌ನ ಮಿಡ್‌ಫೀಲ್ಡರ್ ಲೂಯಿಸ್ ಸುವಾರೆಜ್ ಇಲ್ಲದ್ದಕ್ಕಾ ಅಂತ ಕೇಳಿದ್ದೀರಿ. ಗಾಯದಿಂದ ಅವರು ಆಡಲಿಲ್ಲ, ನಿಜ. ಆದರೆ ಆಟ ನೋಡಿ. ಏಳನೇ ನಿಮಿಷಕ್ಕೇ ಇಂಟರ್‌ನ ಮಜ್ಜೋಲಾ ಪೆನಾಲ್ಟಿ ಗೋಲು ಹೊಡೆದರು. ಆಮೇಲೆ ಇಂಟರ್ ಕೋಟೆ ಕಟ್ಟಿ ಕೂತಿತು. ಸೆಲ್ಟಿಕ್ ಬಿಡಲಿಲ್ಲ. ಎರಡು ಸಲ ಚೆಂಡು ಗೋಲಿನ ಮೇಲ್ಪಟ್ಟಿಗೆ ಬಡಿದು ವಾಪಸ್ ಬಂತು. 63ನೇ ನಿಮಿಷದಲ್ಲಿ ಸೆಲ್ಟಿಕ್‌ನ ಗೆಮ್ಮೆಲ್ ದೂರದಿಂದಲೇ ಬಾರಿಸಿದರು, 84ರಲ್ಲಿ ಚಾಮರ್ಸ್. 2-1. ಇಂಟರ್ ಗೋಲ್‌ಕೀಪರ್ ಸಾರ್ತಿ ತಡೆಯದಿದ್ದರೆ ಇನ್ನೂ ಜಾಸ್ತಿ ಆಗುತ್ತಿತ್ತು!

ಹಳೆಯ ಅಭಿಮಾನಿಗಳಿಗೆ ಆ ಸೆಲ್ಟಿಕ್ ತಂಡ ಅಂದರೆ ಪ್ರಾಣ. ಯಾಕೆಂದರೆ ಆಡಿದ ಎಲ್ಲರೂ ಗ್ಲಾಸ್ಗೋದ ಸುಮಾರು 30 ಮೈಲಿಯೊಳಗೇ ಹುಟ್ಟಿದವರು. ಮನೆಮಕ್ಕಳೇ ಅಲ್ವಾ? ಆಟದ ವೇಳೆ ಆಟಗಾರರ ಹಲ್ಲುಸೆಟ್‌ಗಳು ಗೋಲ್‌ಕೀಪರ್ ಸಿಂಪ್ಸನ್ ಟೋಪಿಯಲ್ಲಿ ಇದ್ದವಂತೆ. ಗೆದ್ದ ಮೇಲೆ ಫೋಟೋಗೆ ನಗಬೇಕಲ್ಲ!